‘ಸರ್ವರ್ ಸ್ಲೋ’ ಅಂದರೆ ಸಾಲದು

ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಬೆಳೆಸಾಲದ ಓಡಾಟ ಶುರುವಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಆಲ್ದೂರು, ಕಳಸದ ಕಡೆಯ ಬೆಳೆಗಾರರಿಗೆ ಸೊಸೈಟಿಗೋ ಬ್ಯಾಂಕಿಗೋ ಕೊಡಲು ಪಹಣಿ ಬೇಕು, ಮ್ಯುಟೇಷನ್ ನಕಲು ಬೇಕು, ತೋಟ ಪಾಲಾಗಿದ್ದರೆ ಪೋಡಿಯ ಕಾಗದವೂ ಬೇಕು. ಜನ ಹೆಚ್ಚಾದ ದಿನವೇ ಕೌಂಟರಿನಿಂದ ಬರುವ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಒಂದೇ: ‘ಸರ್ವರ್ ಸ್ಲೋ ಇದೆ, ಮಧ್ಯಾಹ್ನದ ಮೇಲೆ ಬನ್ನಿ.’ ಇದಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತವರಿಗೆ ಮೇಲಿನಿಂದ ಅದಕ್ಕಿಂತ ಹೆಚ್ಚು ತಿಳಿಸಿರುವುದಿಲ್ಲ. ಎದುರಿಗೆ ನಿಂತವರಿಗೆ, ಕೇಳಿದರೂ ಅಷ್ಟೇ ಎಂಬುದು ರೂಢಿಯಾಗಿಬಿಟ್ಟಿದೆ. ಆದರೆ ಸ್ಲೋ ಆಗುವುದಕ್ಕೆ ಕಾರಣಗಳಿರುತ್ತವೆ. ಅವೆಲ್ಲ ಒಂದೇ ಜಾತಿಯವಲ್ಲ, ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಅವುಗಳಲ್ಲಿ ಒಂದು ಕಾರಣವನ್ನು ಇಲ್ಲಿ ಬಿಡಿಸಿ ನೋಡುವುದಿದೆ. ಯಂತ್ರ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ತಂತ್ರಾಂಶದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೂ ನಿನ್ನೆ 5 ಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರಕ್ಕೆ ಇವತ್ತು ಒಂದು ನಿಮಿಷ ಬೇಕು. ರಾತ್ರಿ ನಡೆದದ್ದು ಇಷ್ಟೇ: ದತ್ತಾಂಶದ ಅಂಕಿಅಂಶಗಳನ್ನು ಹೊಸದು ಮಾಡಲಾಗಿದೆ. ಚೆನ್ನಾಗಿ ನಡೆಯಲಿ ಎಂದೇ ಮಾಡಿದ ಈ ಕೆಲಸ ಕೆಲವೊಮ್ಮೆ ತಿರುಗಿಬೀಳುತ್ತದೆ. ಹಾಗಾಗಿ ಅಂಕಿಅಂಶ ನವೀಕರಣವನ್ನು ಕಸ ಗುಡಿಸುವ ಲೆಕ್ಕದ ದಿನಚರಿಯೆಂದು ಬಿಡದೆ, ತಂತ್ರಾಂಶ ಬದಲಿಸುವಷ್ಟೇ ಎಚ್ಚರದಿಂದ, ಪರೀಕ್ಷೆ ಮಾಡಿ, ಹಿಂದಕ್ಕೆ ಮರಳುವ ದಾರಿ ಇಟ್ಟುಕೊಂಡು ಮಾಡಬೇಕು. ನಿಧಾನವಾದ ದಿನ ಕಾರಣವನ್ನು ಜನರಿಗೆ ಹೇಳಲೂ ಬೇಕು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಬೇರೆಡೆಗಿಂತ ತೂಕ ಹೆಚ್ಚು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳನ್ನು 2001ರ ಹೊತ್ತಿಗೆ ಕಂಪ್ಯೂಟರಿಗೆ ಏರಿಸಿದ ರಾಜ್ಯ ಇದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆಯೂ ರಾಷ್ಟ್ರೀಯ ಮಾಹಿತಿ ಕೇಂದ್ರವೂ ಸೇರಿ ಕಟ್ಟಿದ ಆ ವ್ಯವಸ್ಥೆ ಬಂದ ಮೇಲೆ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು. ಮ್ಯುಟೇಷನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟಳೆಯನ್ನು ತಂತ್ರಾಂಶದೊಳಗೇ ಕೂರಿಸಿದ್ದು ಅದರ ದೊಡ್ಡ ಗುಣ. ಕೈಬರಹದ ದಾಖಲೆಗೆ ಕಾನೂನಿನ ಬೆಲೆ ಇಲ್ಲವೆಂದು ಸಾರಿದ್ದು ಅದಕ್ಕಿಂತ ದೊಡ್ಡ ಹೆಜ್ಜೆ. ಆದರೆ ಆ ಹೆಜ್ಜೆ ಇಟ್ಟ ಮೇಲೆ ಪರದೆಯ ಮೇಲೆ ಉತ್ತರ ಬರದಿದ್ದರೆ ಬೇರೆ ದಾರಿ ಉಳಿಯುವುದಿಲ್ಲ. ಹಳೆಯ ಕಡತ ತೆಗೆದು ನೋಡಿ ಬರೆದುಕೊಡಿ ಎಂದು ಯಾರನ್ನೂ ಕೇಳುವಂತಿಲ್ಲ. ಮೊದಲು ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇದ್ದ ದಾಖಲೆಗಳು ಆಮೇಲೆ ರಾಜ್ಯದ ಒಂದೇ ಜಾಲಕ್ಕೆ ಸೇರಿದವು. ನೋಂದಣಿಯ ‘ಕಾವೇರಿ’, ಸರ್ವೆಯ ‘ಮೋಜಿಣಿ’, ರೈತರ ಗುರುತಿನ ‘ಫ್ರೂಟ್ಸ್’, ಬೆಳೆಹಾನಿಯ ‘ಪರಿಹಾರ’ ಇವೆಲ್ಲ ಪಹಣಿಯ ಮಾಹಿತಿಗೆ ಹೆಣೆದುಕೊಂಡವು. ಒಂದು ತಾಲ್ಲೂಕಿನ ಲೆಕ್ಕದಲ್ಲಿ ಯಾರಿಗೂ ಕಾಣದಿದ್ದ ಏರುಪೇರು ಇಡೀ ರಾಜ್ಯವನ್ನು ಒಂದೇ ರಾಶಿಯಾಗಿ ಹಾಕಿದಾಗ ಎದ್ದು ನಿಲ್ಲುತ್ತದೆ.

ಡೇಟಾಬೇಸಿಗೆ ನಾವು ಕೇಳುವುದು ಏನು ಬೇಕು ಎಂಬುದನ್ನಷ್ಟೇ. ಹೇಗೆ ಹುಡುಕಬೇಕು ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಆಪ್ಟಿಮೈಸರ್ ಎಂಬ ಭಾಗ. ಇಂಡೆಕ್ಸ್ ಎಂಬ ಸೂಚಿ ಹಿಡಿದು ಒಂದೊಂದೇ ಸಾಲನ್ನು ಎತ್ತಿ ತರುವುದೋ, ಇಡೀ ಟೇಬಲನ್ನು ಒಮ್ಮೆ ಓದಿ ಬೇಕಾದ್ದನ್ನು ಸೋಸಿಕೊಳ್ಳುವುದೋ, ಎರಡು ಟೇಬಲ್‌ಗಳಲ್ಲಿ ಯಾವುದನ್ನು ಮೊದಲು ಮುಟ್ಟುವುದೋ, ಇದೆಲ್ಲವನ್ನೂ ಅದು ಕೆಲಸಕ್ಕೆ ಇಳಿಯುವ ಮುಂಚೆಯೇ ಗೊತ್ತುಮಾಡಬೇಕು. ಎಷ್ಟು ಸಾಲು ಸಿಗಬಹುದು ಎಂಬ ಅಂದಾಜಿನ ಮೇಲೆ ಈ ತೀರ್ಮಾನ ನಿಂತಿರುತ್ತದೆ. ಕಾಫಿ ಸೀಮೆಯವರಿಗೆ ಇದು ಹೊಸ ವಿದ್ಯೆಯಲ್ಲ. ಕಾಫಿ ಬೋರ್ಡ್ ವರ್ಷವರ್ಷವೂ ಹೂವಾದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಫಸಲಿನ ಅಂದಾಜು ಕೊಡುತ್ತದೆ. ತೋಟದಲ್ಲೂ ರೈಟರು ಅಲ್ಲೊಂದು ಇಲ್ಲೊಂದು ಗಿಡದ ಕಾಯಿ ನೋಡಿ ಇಷ್ಟು ಮೂಟೆ ಬರಬಹುದೆಂದು ಲೆಕ್ಕ ಹಾಕುತ್ತಾರೆ. ಕುಯ್ಲಿಗೆ ಎಷ್ಟು ಆಳು ಹೇಳಬೇಕು, ಕಣದಲ್ಲಿ ಎಷ್ಟು ಜಾಗ ಬೇಕು ಎಂಬುದು ಅದರ ಮೇಲೆ. ಎಲ್ಲ ಗಿಡ ಎಣಿಸುತ್ತ ಕೂತರೆ ಹಣ್ಣು ಉದುರಿ ನೆಲ ಸೇರುತ್ತದೆ, ಆದ್ದರಿಂದ ಅಂದಾಜು ತಪ್ಪಲ್ಲ, ಅನಿವಾರ್ಯ. ಡೇಟಾಬೇಸೂ ಅಷ್ಟೇ. ಆಗಾಗ ಕೆಲವು ಸಾಲುಗಳನ್ನು ಸ್ಯಾಂಪಲ್ ತೆಗೆದು, ಯಾವ ಕಾಲಮ್ಮಿನಲ್ಲಿ ಯಾವ ಮೌಲ್ಯ ಎಷ್ಟು ಸಲ ಬರುತ್ತದೆ ಎಂಬ ಚಿಕ್ಕ ಲೆಕ್ಕಪಟ್ಟಿಯೊಂದನ್ನು ಬರೆದಿಟ್ಟುಕೊಳ್ಳುತ್ತದೆ. ಅಂಕಿಅಂಶ ಅನ್ನುವುದು ಈ ಪಟ್ಟಿಯನ್ನೇ. ಅದನ್ನು ಮತ್ತೆ ಬರೆದರೆ ಹೊಸ ಪ್ಲಾನ್, ಅಂದರೆ ಹುಡುಕುವ ಹೊಸ ದಾರಿ, ಹುಟ್ಟಬಹುದು.

ಈ ವಿಧಾನಕ್ಕೆ ಬುನಾದಿ ಹಾಕಿದ್ದು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ‘ಸಿಸ್ಟಮ್ ಆರ್’. ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಸಂಗತಿಗಳಿವೆ. ಒಂದು, ಕಾಲಮ್ಮಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ‘ಇದಕ್ಕೆ ಸಮ’ ಎಂಬ ಶರತ್ತಿಗೆ 10ರಲ್ಲಿ 1 ಪಾಲು ಸಾಲು ಸಿಗುತ್ತದೆ ಎಂದು ಹಿಡಿಯುವುದು. ಎರಡು, ಎರಡು ಶರತ್ತುಗಳು ಒಟ್ಟಿಗೆ ಬಂದರೆ ಒಂದಕ್ಕೊಂದು ಸಂಬಂಧವಿಲ್ಲವೆಂದು ಭಾವಿಸಿ ಎರಡರ ಪಾಲನ್ನೂ ಗುಣಿಸುವುದು. ನಾಲ್ಕು ದಶಕ ಕಳೆದರೂ ಈ ಎರಡನೆಯ ಅಭ್ಯಾಸ ಬಹುಪಾಲು ಡೇಟಾಬೇಸ್‌ಗಳಲ್ಲಿ ಹಾಗೇ ಉಳಿದಿದೆ. ಅದು ಚಿಕ್ಕಮಗಳೂರಿನಂಥ ಜಿಲ್ಲೆಗೆ ಬಂದಾಗ ಏನಾಗುತ್ತದೆ ನೋಡಿ. ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಹಿಡಿಯೋಣ. ಟೇಬಲಿನಲ್ಲಿ 2 ಕೋಟಿ ಸಾಲಿವೆ. ಮೂಡಿಗೆರೆ ತಾಲ್ಲೂಕಿನದು 200ರಲ್ಲಿ 1 ಪಾಲು, ಅಂದರೆ 1 ಲಕ್ಷ. ಬೆಳೆಯ ಕಾಲಮ್ಮಿನಲ್ಲಿ ಕಾಫಿ ಎಂದಿರುವುದು ರಾಜ್ಯಕ್ಕೆಲ್ಲ 50ರಲ್ಲಿ 1 ಪಾಲು. ‘ಮೂಡಿಗೆರೆಯ ಕಾಫಿ ಜಮೀನು’ ಎಂದು ಕೇಳಿದರೆ ಆಪ್ಟಿಮೈಸರ್ ಎರಡನ್ನೂ ಗುಣಿಸಿ 10,000ದಲ್ಲಿ 1 ಪಾಲು, ಅಂದರೆ 2,000 ಸಾಲು ಎಂದು ತೀರ್ಮಾನಿಸುತ್ತದೆ. ಮೂಡಿಗೆರೆಯಲ್ಲಿ ಕಾಫಿ 50ಕ್ಕೊಂದು ಎಂದರೆ ಅಲ್ಲಿಯ ಚಿಕ್ಕ ಮಕ್ಕಳೂ ನಗುತ್ತಾರೆ. ಅಲ್ಲಿ 100ಕ್ಕೆ 60 ಸಾಲಿನಲ್ಲಿ ಕಾಫಿ ಇದೆಯೆಂದು ಹಿಡಿದರೆ ನಿಜವಾಗಿ ಸಿಗುವುದು 60,000. ಯಾವ ಬೆಳೆ ಎಂಬುದಕ್ಕೂ ಯಾವ ಊರು ಎಂಬುದಕ್ಕೂ ನಂಟಿದೆ, ಆ ನಂಟು ಲೆಕ್ಕಪಟ್ಟಿಯಲ್ಲಿಲ್ಲ.

ಇನ್ನು ಇದೇ ಲೆಕ್ಕವನ್ನು ಅಂಕಿಅಂಶ ನವೀಕರಣದ ಹಿಂದು ಮುಂದು ಇಟ್ಟು ನೋಡಬೇಕು, ವಿಷಯದ ಗಂಟು ಇರುವುದು ಅಲ್ಲಿ. ಒಂದೊಂದೇ ಸಾಲನ್ನು ಇಂಡೆಕ್ಸ್ ಮೂಲಕ ಎತ್ತಲು ಒಂದು ಮಿಲಿಸೆಕೆಂಡ್ ಬೇಕು, ಇಡೀ ಟೇಬಲ್ ಓದಿ ಸೋಸಲು ಒಟ್ಟು 5 ಸೆಕೆಂಡ್ ಬೇಕು ಅಂದುಕೊಳ್ಳಿ. ಆಗ 5,000 ಸಾಲಿಗಿಂತ ಕಡಿಮೆಯಿದ್ದರೆ ಮೊದಲ ದಾರಿ ಲಾಭ, ಹೆಚ್ಚಿದ್ದರೆ ಎರಡನೆಯದು. ಬೆಳೆಯ ಕಾಲಮ್ಮಿಗೆ ಅಂಕಿಅಂಶವೇ ಇಲ್ಲದ ದಿನಗಳಲ್ಲಿ ಆಪ್ಟಿಮೈಸರ್ 10ರಲ್ಲಿ 1 ಎಂಬ ಕುರುಡು ಊಹೆ ಹಾಕುತ್ತಿತ್ತು: 1 ಲಕ್ಷದಲ್ಲಿ 10,000. ಊಹೆ ತಪ್ಪೇ, ಆದರೆ 5,000ದ ಗೆರೆಯ ಮೇಲಿತ್ತು. ಹಾಗಾಗಿ ಸರಿಯಾದ ದಾರಿ ಹಿಡಿದು 5 ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತಿತ್ತು. ಈಗ ಯಾರೋ ಶ್ರದ್ಧೆಯಿಂದ ಅಂಕಿಅಂಶ ತೆಗೆದರು. ಕಾಫಿ 50ರಲ್ಲಿ 1 ಎಂಬುದು, ರಾಜ್ಯದ ಮಟ್ಟಿಗೆ ಸತ್ಯವೇ ಆದ ಸಂಖ್ಯೆ, ಪಟ್ಟಿಗೆ ಬಂತು. ಅಂದಾಜು 2,000ಕ್ಕೆ ಇಳಿಯಿತು, ಗೆರೆಯ ಕೆಳಗೆ ಬಂತು. ಆಪ್ಟಿಮೈಸರ್ ಒಂದೊಂದೇ ಸಾಲು ಎತ್ತುವ ದಾರಿ ಹಿಡಿಯಿತು, 60,000 ಸಾಲು ಎದುರಾಯಿತು, 60 ಸೆಕೆಂಡ್ ಹೋಯಿತು. ಒಂದೊಂದು ಕಾಲಮ್ಮಿನ ಬಗ್ಗೆ ತಿಳಿವಳಿಕೆ ಹೆಚ್ಚಾದದ್ದರಿಂದಲೇ ಎರಡು ಸೇರಿದಾಗಿನ ಅಂದಾಜು ಮತ್ತಷ್ಟು ಕೆಟ್ಟಿತು. ಮುಂಚೆ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತಿದ್ದವು, ಒಂದನ್ನು ತಿದ್ದಿದ ಕೂಡಲೇ ಇನ್ನೊಂದು ಬಯಲಾಯಿತು. ‘ಅಂಕಿಅಂಶ ಹೊಸದು ಮಾಡಿದ ಮೇಲೆ ಸ್ಲೋ ಆಯಿತು’ ಎಂಬ ದೂರನ್ನು ಕೇಳಿ ಹಾಗಾಗಲು ಸಾಧ್ಯವೇ ಇಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ಇಂಥ ಎಡವಟ್ಟಿಗೆ ಮಲೆನಾಡಿನ ದಾಖಲೆಗಳಲ್ಲಿ ಇನ್ನೊಂದು ಹೇತುವಿದೆ, ಬಹುಮಾಲೀಕತ್ವದ ಪಹಣಿ. ಸಾಮಾನ್ಯವಾಗಿ ಒಂದು ಸರ್ವೆ ನಂಬರಿನಲ್ಲಿ ಕೆಲವೇ ಹೆಸರುಗಳಿರುತ್ತವೆ. ಆದರೆ ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ದರಖಾಸ್ತು, ಬಗರ್‌ಹುಕುಂ ಎಂದು ತುಂಡುತುಂಡಾಗಿ ಮಂಜೂರಾಗಿ, ಪೋಡಿ ಆಗದೆ ಉಳಿದ ಕಡೆ 9ನೇ ಕಾಲಮ್ಮಿನ ಹೆಸರುಗಳು ಪುಟಗಟ್ಟಲೆ ಹೋಗುತ್ತವೆ. ಅಂಥ ಒಂದು ನಂಬರಿನಲ್ಲಿ 400 ಹೆಸರಿವೆ ಎಂದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಜನಪ್ರಿಯ ಡೇಟಾಬೇಸ್, ಹಾಗೇ ಬಿಟ್ಟರೆ, ಟೇಬಲ್ ಎಷ್ಟೇ ದೊಡ್ಡದಿರಲಿ 30,000 ಸಾಲುಗಳನ್ನು ಸ್ಯಾಂಪಲ್ ಎತ್ತುತ್ತದೆ. 2 ಕೋಟಿಯಲ್ಲಿ 30,000 ಅಂದರೆ ಹೆಚ್ಚುಕಡಿಮೆ 667ಕ್ಕೆ ಒಂದು. ನಮ್ಮ 400 ಸಾಲಿನಿಂದ ಸ್ಯಾಂಪಲ್ಲಿಗೆ ಸರಾಸರಿ ಒಂದೂ ಬೀಳುವುದಿಲ್ಲ. ಬೀಳದ ರಾತ್ರಿ ಆ ಸರ್ವೆ ನಂಬರು ಎಲ್ಲದರಂತೆ ಎರಡು ಮೂರು ಹೆಸರಿನದು ಎಂದೇ ಲೆಕ್ಕವಾಗುತ್ತದೆ. ಅದೃಷ್ಟಕ್ಕೆ ಎರಡು ಮೂರು ಸಾಲು ಬಿದ್ದ ರಾತ್ರಿ ಅದು ದೊಡ್ಡದೆಂದು ಪಟ್ಟಿ ಸೇರಲೂಬಹುದು. ದತ್ತಾಂಶ ಎಳ್ಳಷ್ಟೂ ಬದಲಾಗದಿದ್ದರೂ ನವೀಕರಣದಿಂದ ನವೀಕರಣಕ್ಕೆ ಚಿತ್ರ ಬದಲಾಗುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೌಲ್ಯಗಳ ಹಂಚಿಕೆಯನ್ನು ಹೇಳುವ ಹಿಸ್ಟೋಗ್ರಾಮ್‌ಗೆ ಹೆಚ್ಚೆಂದರೆ 200 ಮೆಟ್ಟಿಲು. ಅಷ್ಟರಲ್ಲಿ ರಾಜ್ಯದ ಸುಮಾರು 30,000 ಹಳ್ಳಿಗಳನ್ನು ತುರುಕಬೇಕೆಂದರೆ ಸಣ್ಣ ಗ್ರಾಮಗಳೆಲ್ಲ ಯಾವುದೋ ಮೆಟ್ಟಿಲಿನ ಸರಾಸರಿಯಲ್ಲಿ ಕರಗಿಹೋಗುತ್ತವೆ. ಇದರ ಮೇಲೆ ಇನ್ನೊಂದು ಕಿರಿಕಿರಿ: ಅಂಕಿಅಂಶ ಬದಲಾದರೆ ಅಂಥ ವ್ಯವಸ್ಥೆಗಳಲ್ಲಿ ನೆನಪಿನಲ್ಲಿಟ್ಟುಕೊಂಡ ಹಳೆಯ ಪ್ಲಾನ್ ರದ್ದಾಗುತ್ತದೆ. ಬೆಳಗ್ಗೆ ಮೊದಲು ಬಂದ ಪ್ರಶ್ನೆಗೆ ತಕ್ಕಂತೆ ಹೊಸ ಪ್ಲಾನ್ ತಯಾರಾಗಿ ಅದೇ ಉಳಿದವರಿಗೂ ಬಳಕೆಯಾಗುತ್ತದೆ. ಮೊದಲ ಅರ್ಜಿದಾರ ಹತ್ತು ಸರ್ವೆ ನಂಬರಿನ ಪುಟ್ಟ ಊರಿನವನಾದರೆ, ಅವನ ಅಳತೆಗೆ ಹೊಲಿದ ಅಂಗಿಯನ್ನೇ ದೊಡ್ಡ ಊರಿನವರೂ ತೊಡಬೇಕು.

ಹಲವು ಟೇಬಲ್‌ಗಳನ್ನು ಜೋಡಿಸಿದಂತೆಲ್ಲ ಈ ತಪ್ಪು ಬೆಳೆಯುತ್ತದೆ. ಮೊದಲ ಹಂತದ ಅಂದಾಜು ಎರಡನೆಯದಕ್ಕೆ ಆಧಾರ, ಎರಡನೆಯದು ಮೂರನೆಯದಕ್ಕೆ. ಜೋಡಣೆ ಹೆಚ್ಚಿದಂತೆ ತಪ್ಪು ಘಾತೀಯವಾಗಿ ಏರುತ್ತದೆ ಎಂದು ಯೋವಾನಿಡಿಸ್ ಮತ್ತು ಕ್ರಿಸ್ಟೋಡುಲಾಕಿಸ್ 1991ರಲ್ಲೇ ಗಣಿತದಿಂದ ತೋರಿಸಿದ್ದರು. 2015ರಲ್ಲಿ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಸಿನಿಮಾಗಳ ನಿಜವಾದ ಮಾಹಿತಿಕೋಶವೊಂದನ್ನು ಇಟ್ಟುಕೊಂಡು ಹಲವು ಡೇಟಾಬೇಸ್‌ಗಳನ್ನು ಪರೀಕ್ಷಿಸಿದಾಗ, ಎಲ್ಲವೂ ಸಾಲುಗಳ ಅಂದಾಜಿನಲ್ಲಿ ಪದೇ ಪದೇ ದೊಡ್ಡ ತಪ್ಪು ಮಾಡುವುದು ಕಂಡಿತು. ಅಲ್ಲಿಯೂ ಜೋಡಣೆ ಹೆಚ್ಚಾದಷ್ಟೂ ಅಂದಾಜು ಕಡಿಮೆಯ ಕಡೆಗೇ ಜಾರುತ್ತಿತ್ತು. ಸಾವಿರಾರು ರೂಪಾಯಿ ಬೆಳೆಹಾನಿ ಪರಿಹಾರಕ್ಕೆ ಪಹಣಿ, ಬೆಳೆ ಸಮೀಕ್ಷೆ, ರೈತರ ಗುರುತಿನ ಸಂಖ್ಯೆ, ಬ್ಯಾಂಕ್ ಖಾತೆ ಇಷ್ಟನ್ನೂ ತಾಳೆ ನೋಡಬೇಕಾದ ನಮ್ಮಂಥ ಕಡೆ ಈ ಸಂಶೋಧನೆಯನ್ನು ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ.

ಪತ್ತೆ ಹಚ್ಚುವುದು ಕಷ್ಟವೇ? ಬುಡ ಗೊತ್ತಿದ್ದರೆ ಅಷ್ಟೇನಿಲ್ಲ. ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಹಾಕಿದ ಪ್ರಶ್ನೆಯನ್ನು, ನಿಜವಾಗಿ ನಡೆಸಿ, ಅದರ ಪ್ಲಾನಿನ ಒಂದೊಂದು ಹಂತದಲ್ಲೂ ಅಂದಾಜಿಸಿದ ಸಾಲೆಷ್ಟು, ಸಿಕ್ಕ ಸಾಲೆಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಬೇಕು. ಈ ಸೌಲಭ್ಯ ಎಲ್ಲ ಮುಖ್ಯ ಡೇಟಾಬೇಸ್‌ಗಳಲ್ಲೂ ಇದೆ. ಎಲ್ಲಿ ಹೆಚ್ಚು ಹೊತ್ತು ಹಿಡಿಯಿತು ಎಂಬುದರ ಮೇಲೇ ಕಣ್ಣಿಟ್ಟರೆ ದಾರಿ ತಪ್ಪುತ್ತದೆ. ಒಳಗಿನಿಂದ ಹೊರಗೆ ಓದುತ್ತ ಬಂದು, ಎರಡು ಸಂಖ್ಯೆಗಳು ಮೊದಲು ಎಲ್ಲಿ ಬೇರೆಯಾದವು ಎಂದು ಹುಡುಕಬೇಕು. ರೋಗ ಅಲ್ಲಿರುತ್ತದೆ, ನೋವು ಬೇರೆಲ್ಲೋ ಕಾಣಿಸುತ್ತದೆ. ಆಮೇಲೆ ಹಳೆಯ ಅಂಕಿಅಂಶಗಳನ್ನು ಮರಳಿಸಿ ಅದೇ ಕ್ವೆರಿಯನ್ನು ನಡೆಸಬೇಕು. ವೇಗ ಮರಳಿದರೆ ಕಾರಣ ಖಚಿತ, ಮರಳದಿದ್ದರೆ ಬೇರೆ ಕಡೆ ಹುಡುಕಬೇಕು. ಒರೇಕಲ್‌ನಲ್ಲಿ ಹಳೆಯ ಅಂಕಿಅಂಶಗಳು ತಾವಾಗಿಯೇ 31 ದಿನ ಉಳಿದಿರುತ್ತವೆ, ಒಂದು ಆಜ್ಞೆಯಲ್ಲಿ ಹಿಂದಕ್ಕೆ ತರಬಹುದು. ಹೊಸ ಅಂಕಿಅಂಶಗಳನ್ನು ಮೊದಲು ಬಳಕೆಗೆ ಬಿಡದೆ ಪಕ್ಕಕ್ಕಿಟ್ಟು ಪರೀಕ್ಷಿಸುವ ಸೌಲಭ್ಯವೂ ಅದರಲ್ಲಿ 11ಜಿ ಆವೃತ್ತಿಯಿಂದ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದ ‘ಕ್ವೆರಿ ಸ್ಟೋರ್’ ಎಂಬ ದಿನಚರಿ ಪುಸ್ತಕವಿದ್ದು, ಯಾವ ಕ್ವೆರಿಯ ಪ್ಲಾನ್ ಯಾವತ್ತು ಬದಲಾಯಿತು, ಆಗ ಸಮಯ ಎಷ್ಟು ಏರಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ತಾಲ್ಲೂಕಿಗೂ ಬೆಳೆಗೂ ಇರುವಂಥ ನಂಟನ್ನು ಪಟ್ಟಿಯಲ್ಲಿ ಬರೆಸಿಕೊಳ್ಳುವ ಜೋಡಿ ಅಂಕಿಅಂಶ ಪೋಸ್ಟ್‌ಗ್ರೆಸ್ಕ್ಯೂಎಲ್‌ಗೆ 2017ರಿಂದೀಚೆಗೆ ಹಂತಹಂತವಾಗಿ ಬಂತು, ಬೇರೆ ಕೆಲವು ದೊಡ್ಡ ಡೇಟಾಬೇಸ್‌ಗಳಲ್ಲೂ ಅದರ ಸಮಾನ ಇದೆ. ಉಪಕರಣಗಳ ಕೊರತೆ ಎನ್ನುವ ನೆಪ ನಿಲ್ಲುವುದಿಲ್ಲ.

ಇಷ್ಟು ತಾಪತ್ರಯವಿದ್ದರೆ ಅಂಕಿಅಂಶಗಳನ್ನು ಮುಟ್ಟದೆ ಇದ್ದ ಹಾಗೇ ಬಿಡಬಾರದೇಕೆ ಎಂಬ ವಾದ ಡೇಟಾಬೇಸ್ ನೋಡಿಕೊಳ್ಳುವ ಅನುಭವಿ ಡಿಬಿಎಗಳಿಂದಲೇ ಬರುತ್ತದೆ. ನಡೆಯುತ್ತಿರುವುದನ್ನು ಕೆದಕಬೇಡ ಎಂಬ ಆ ಜಾಣತನದಲ್ಲಿ ಹುರುಳಿದೆ, ಆದರೆ ಅದು ಬಹಳ ದಿನ ಬಾಳುವುದಿಲ್ಲ. ಕಳಸವನ್ನೇ ನೋಡಿ. ಮೂಡಿಗೆರೆಯ ಭಾಗವಾಗಿದ್ದ ಅದು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಯಿತು. ಇಂಥ ವಿಂಗಡಣೆಯಾದಾಗ ದಾಖಲೆಗಳಲ್ಲಿ ತಾಲ್ಲೂಕಿನ ಸಂಕೇತ ಬದಲಾಗುತ್ತದೆ, ಹಳೆಯ ಲೆಕ್ಕಪಟ್ಟಿಯಲ್ಲಿ ಹೊಸ ತಾಲ್ಲೂಕು ಇರುವುದೇ ಇಲ್ಲ. ಅದನ್ನು ನಂಬಿ ಹೊರಟ ಆಪ್ಟಿಮೈಸರ್ ಕಳಸದಲ್ಲಿ ಸೊನ್ನೆಯೋ ಒಂದೋ ಸಾಲು ಸಿಗುತ್ತದೆಂದು ಎಣಿಸಿ ಸಾವಿರಾರು ಸಾಲಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ದಿನಾಂಕಗಳದ್ದೂ ಇದೇ ಪಾಡು. ಪಟ್ಟಿ ಬರೆದದ್ದು ಡಿಸೆಂಬರಿನಲ್ಲಾದರೆ ಜನವರಿಯ ಮ್ಯುಟೇಷನ್‌ಗಳು ಅದರ ಕೊನೆಯ ಅಂಚಿನಾಚೆ ಬೀಳುತ್ತವೆ. ‘ಈ ವಾರದ ಅರ್ಜಿಗಳು’ ಎಂದು ಕೇಳಿದಾಗ ಏನೂ ಇಲ್ಲವೆಂಬ ಅಂದಾಜು ಹುಟ್ಟುತ್ತದೆ, ಕಚೇರಿಯಲ್ಲಿ ದಿನವೂ ಕೇಳುವುದು ಅದನ್ನೇ. ಹೂಮಳೆಯಾದಾಗ ಹಾಕಿದ ಅಂದಾಜನ್ನು ಹಿಡಿದುಕೊಂಡು, ಆಗಸ್ಟಿನ ಮಳೆಗೆ ಕಾಯಿ ಉದುರಿದ್ದನ್ನು ಲೆಕ್ಕಕ್ಕೆ ತರದೆ ಆಳು ಹೇಳಿದ ತೋಟ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ. ಹಾಗಾಗಿ ನವೀಕರಣ ಬೇಡ ಎಂಬುದನ್ನು ಒಪ್ಪಲಾಗದು. ಪರೀಕ್ಷೆಯಿಲ್ಲದ ನವೀಕರಣ, ಅದರಲ್ಲೂ ಕಚೇರಿಗೆ ಜನ ಮುತ್ತುವ ವಾರಗಳಲ್ಲಿ, ಬೇಡ ಎಂಬುದಷ್ಟೇ ಒಪ್ಪುವ ಮಾತು. ಆಯ್ದ ಐವತ್ತು ನೂರು ಮುಖ್ಯ ಕ್ವೆರಿಗಳನ್ನು ಹಳೆಯ ಪಟ್ಟಿಯ ಮೇಲೂ ಹೊಸ ಪಟ್ಟಿಯ ಮೇಲೂ ನಡೆಸಿ ತಾಳೆ ನೋಡುವ ಕೆಲಸವನ್ನು ಯಂತ್ರವೇ ರಾತ್ರಿ ಮಾಡಬಲ್ಲದು. ಆಯ್ದ ಕ್ವೆರಿಗಳಲ್ಲಿ ಬೆಂಗಳೂರು ನಗರದವಷ್ಟೇ ಇದ್ದರೆ ಸಾಲದು. 400 ಹೆಸರಿನ ಪಹಣಿ, ಕಾಫಿ ತಾಲ್ಲೂಕು, ಹೊಸ ತಾಲ್ಲೂಕು ಇಂಥ ವಿಪರೀತಗಳೂ ಇರಬೇಕು.

ದೊಡ್ಡ ಯಂತ್ರ ತರಿಸಿ ಎಂಬುದು ಎರಡನೆಯ ವಾದ. ಟೆಂಡರ್ ಕರೆಯುವುದು, ಉದ್ಘಾಟನೆ ಮಾಡುವುದು, ಚಿತ್ರ ತೆಗೆಸಿಕೊಳ್ಳುವುದು ಸುಲಭವಾದ್ದರಿಂದ ಸರ್ಕಾರಗಳಿಗೆ ಇದು ಪ್ರಿಯ. ಮೇಲಿನ ಲೆಕ್ಕಕ್ಕೇ ಮರಳಿದರೆ, ಎರಡರಷ್ಟು ಶಕ್ತಿಯ ಯಂತ್ರ 60 ಸೆಕೆಂಡನ್ನು 30ಕ್ಕೆ ಇಳಿಸೀತು. ಇದ್ದ ಯಂತ್ರದಲ್ಲೇ ಪ್ಲಾನ್ ಸರಿಪಡಿಸಿದರೆ 5 ಸೆಕೆಂಡು. ಕಂಡಕಂಡ ಕಾಲಮ್ಮಿಗೆಲ್ಲ ಇಂಡೆಕ್ಸ್ ಸೇರಿಸುವುದೂ ಇದೇ ಜಾತಿಯ ಉಪಾಯ. ಓದುವುದು ಚುರುಕಾಗಬಹುದು, ಆದರೆ ಒಂದೊಂದು ಮ್ಯುಟೇಷನ್ ಬರೆಯುವಾಗಲೂ ಆ ಎಲ್ಲ ಇಂಡೆಕ್ಸುಗಳನ್ನು ತಿದ್ದಬೇಕಾಗಿ ಬರೆಯುವುದು ಭಾರವಾಗುತ್ತದೆ. ಯಂತ್ರಕ್ಕೆ ಖರ್ಚು ಮಾಡಲೇಬಾರದೆಂದಲ್ಲ. ಕಾರಣ ತಿಳಿಯುವ ಮುಂಚೆ ಖರ್ಚು ಮಾಡಿದರೆ, ಆಮೇಲೂ ಕಾರಣ ತಿಳಿಯುವುದಿಲ್ಲ.

ಮಲೆನಾಡಿನವರು ಎತ್ತುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜೂನ್‌ನಿಂದ ಕರೆಂಟೇ ಇರುವುದಿಲ್ಲ, ಮರ ಬಿದ್ದು ಕೇಬಲ್ ಹರಿಯುತ್ತದೆ, ಟವರ್ ಸತ್ತಿರುತ್ತದೆ, ಇದರಲ್ಲಿ ಆಪ್ಟಿಮೈಸರ್ ಪುರಾಣ ಯಾರಿಗೆ ಬೇಕು? ಮಾತು ನಿಜ, ಕಳಸದ ಕಡೆಯ ಮಳೆ ಕಂಡವರು ಅಲ್ಲಗಳೆಯಲಾರರು. ಆದರೆ ಜಾಲದ ತೊಂದರೆಯೂ ಪ್ಲಾನಿನ ತೊಂದರೆಯೂ ಒಂದೇ ಥರ ಕಾಣುವುದಿಲ್ಲ. ಜಾಲ ಕೈಕೊಟ್ಟರೆ ಲಾಗಿನ್ ಪುಟವೂ ತೆರೆಯುವುದಿಲ್ಲ, ಎಲ್ಲ ಕೆಲಸವೂ ಒಟ್ಟಿಗೆ ನಿಲ್ಲುತ್ತದೆ, ಪಕ್ಕದ ಬ್ಯಾಂಕಿನವರೂ ಗೊಣಗುತ್ತಿರುತ್ತಾರೆ. ಪ್ಲಾನ್ ಕೆಟ್ಟರೆ ಉಳಿದೆಲ್ಲ ಚುರುಕಾಗಿದ್ದು ಯಾವುದೋ ಒಂದು ಬಗೆಯ ಹುಡುಕಾಟ, ಯಾವುದೋ ಕೆಲವು ಊರಿಗೆ ಮಾತ್ರ, ನಿರ್ದಿಷ್ಟ ಬೆಳಗ್ಗೆಯಿಂದ ಎಳೆಯತೊಡಗುತ್ತದೆ. ಈ ವ್ಯತ್ಯಾಸ ಮೊದಲು ಗೊತ್ತಾಗುವುದು ಬೆಂಗಳೂರಿನ ಎಂಜಿನಿಯರಿಗಲ್ಲ, ಹೋಬಳಿಯ ಕೌಂಟರಿನಲ್ಲಿ ಕೂತವರಿಗೆ. ಯಾವ ಕೆಲಸ, ಯಾವ ಗ್ರಾಮ, ಎಷ್ಟು ಗಂಟೆಯಿಂದ ಎಂಬ ಮೂರು ಸಂಗತಿ ಬರೆದು ಕಳಿಸಲು ಅವರಿಗೊಂದು ದಾರಿ ಇದ್ದು, ಕಳಿಸಿದ್ದಕ್ಕೆ ಉತ್ತರ ಬರುವಂತಿದ್ದರೆ ಪತ್ತೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ‘ಸರ್ವರ್ ಸ್ಲೋ’ ಎಂಬ ಎರಡೇ ಪದ ಮೇಲೆ ಹೋದರೆ ಕೆಳಗೆ ಬರುವ ಉತ್ತರವೂ ಅಷ್ಟೇ ಚಿಕ್ಕದಿರುತ್ತದೆ.

ಕಾರಣ ಹೇಳುವುದು ಸರ್ಕಾರಕ್ಕೆ ಅಭ್ಯಾಸವಿಲ್ಲದ ಕೆಲಸವೇನಲ್ಲ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಕುಸಿದಾಗ, ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟಗಳನ್ನು ರಾಶಿ ರಾಶಿಯಾಗಿ ಸುರಿದು ವ್ಯವಸ್ಥೆಯನ್ನು ಉಸಿರುಗಟ್ಟಿಸಿದ ದಾಳಿ ಅದೆಂದು ಸರ್ಕಾರವೇ ಹೇಳಿತು, ಪೊಲೀಸ್ ದೂರೂ ದಾಖಲಾಯಿತು. ಹೊರಗಿನವರು ತಂದಿಟ್ಟ ತೊಂದರೆಯಾದಾಗ ಇಷ್ಟು ವಿವರ ಹೊರಬರಬಹುದಾದರೆ ಮನೆಯೊಳಗಿನ ಕಾರಣಕ್ಕೂ ಬರಬೇಕು. ವಿವರ ಹೇಳಿದರೆ ದಾಳಿಕೋರರಿಗೆ ಸುಳಿವು ಕೊಟ್ಟಂತೆ ಎಂಬ ಆತಂಕ ಇಲ್ಲಿ ಹೊಂದುವುದಿಲ್ಲ. ಟೇಬಲಿನ ಹೆಸರು, ಪ್ಲಾನಿನ ಪಠ್ಯ ಯಾರಿಗೂ ಬೇಡ. ‘ಮಂಗಳವಾರ ಬೆಳಗ್ಗೆ 10ರಿಂದ 1ರವರೆಗೆ ಮ್ಯುಟೇಷನ್ ಹುಡುಕಾಟ ನಿಧಾನವಾಗಿತ್ತು, ಕಾರಣ ರಾತ್ರಿಯ ಅಂಕಿಅಂಶ ನವೀಕರಣ, ಹಳೆಯದಕ್ಕೆ ಮರಳಿಸಲಾಗಿದೆ’ ಎಂಬ ಒಂದು ಸಾಲು ಸಾಕು. ಹೊಸ ಆವೃತ್ತಿಯ ಡೇಟಾಬೇಸ್‌ಗಳು ಇದನ್ನೆಲ್ಲ ತಾವೇ ಕಲಿತು ತಿದ್ದಿಕೊಳ್ಳುತ್ತವೆ, ಮನುಷ್ಯರು ತಲೆ ಹಾಕಬೇಕಿಲ್ಲ ಎನ್ನುವ ಮಾರಾಟಗಾರರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಪ್ಲಾನ್ ಕೆಟ್ಟಾಗ ಹಳೆಯದಕ್ಕೆ ತಾನೇ ಮರಳುವ ವ್ಯವಸ್ಥೆಗಳು ಬಂದಿವೆ. ಒಳ್ಳೆಯ ಪ್ಲಾನನ್ನೇ ಮೊಳೆ ಹೊಡೆದು ನಿಲ್ಲಿಸುವ ದಾರಿಯೂ ಇದೆ. ಆದರೆ ಮೊಳೆ ಹೊಡೆದ ಪ್ಲಾನ್ ದತ್ತಾಂಶ ಬೆಳೆದ ಮೇಲೆ ತಾನೇ ಹಳತಾಗುತ್ತದೆ, ಯಾವಾಗ ಕೀಳಬೇಕೆಂದು ನೋಡುತ್ತಿರುವ ಮನುಷ್ಯ ಬೇಕೇ ಬೇಕು. ಹೊರಗುತ್ತಿಗೆಯ ಸಿಬ್ಬಂದಿ ವರ್ಷಕ್ಕೊಮ್ಮೆ ಬದಲಾಗುವ ಕಡೆ ಆ ಮನುಷ್ಯ ಯಾರು ಎಂಬುದೇ ತೊಡಕಿನ ಪ್ರಶ್ನೆ. ಆ ಪ್ರಶ್ನೆಯನ್ನು ತಂತ್ರಾಂಶ ಬಿಡಿಸಿಕೊಡಲಾರದು.

ಈ ನಿಧಾನವನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿ ಆಗಲೇ ಇದೆ, ಆದರೆ ಅದು ಶುರುವಾಗುವುದು ತಡವಾಗಿ. 2011ರ ಕಾಯ್ದೆಯಡಿ 2012ರ ಏಪ್ರಿಲ್ 2ರಂದು ಜಾರಿಗೆ ಬಂದ ‘ಸಕಾಲ’ ಪ್ರತಿ ಸೇವೆಗೂ ಗಡುವು ಗೊತ್ತುಮಾಡಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದೆಂದೂ ಹೇಳಿತು. ಆದರೆ ಆ ಗಡಿಯಾರ ಓಡತೊಡಗುವುದು ಅರ್ಜಿಗೆ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಸ್ಲೋ ಎಂದು ಅರ್ಜಿಯನ್ನೇ ತೆಗೆದುಕೊಳ್ಳದೆ ಕಳಿಸಿದವರ ದಿನ ಯಾವ ಲೆಕ್ಕಕ್ಕೂ ಬರುವುದಿಲ್ಲ. ವಸ್ತಾರೆಗೆ ಬಸ್ಸಿನಲ್ಲಿ ಬಂದು ಬರಿಗೈಲಿ ಹೋದ ತೋಟದ ಕೂಲಿಯವನಿಗೆ ಆವತ್ತಿನ ಸಂಬಳ ಹೋಯಿತು, ವರದಿಯಲ್ಲಿ ವಿಲೇವಾರಿ ಶೇಕಡಾವಾರು ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಕ್ವೆರಿಯೊಂದು ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಡೇಟಾಬೇಸ್ ಬರೆದಿಡಬಲ್ಲದು, ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸೇವೆಗೊಂದರಂತೆ, ತಾಲ್ಲೂಕಿಗೊಂದರಂತೆ, 100 ಹುಡುಕಾಟಗಳಲ್ಲಿ 95 ಎಷ್ಟು ಸೆಕೆಂಡಿನೊಳಗೆ ಮುಗಿದವು ಎಂಬ ಅಂಕಿಯನ್ನು ಪ್ರತಿ ತಿಂಗಳು ಪ್ರಕಟಿಸಬಹುದು. ಸರಾಸರಿ ಕೊಟ್ಟರೆ ಪ್ರಯೋಜನವಿಲ್ಲ. ರಾಜ್ಯದ ಸರಾಸರಿಯಲ್ಲಿ ಕಾಫಿ ತಾಲ್ಲೂಕುಗಳು ಮುಳುಗಿಹೋಗುವುದರಿಂದಲೇ ಈ ಕಥೆ ಶುರುವಾದದ್ದು. ಪಹಣಿ ಮತ್ತು ಮ್ಯುಟೇಷನ್ ಎರಡೇ ಸೇವೆಗೆ, ಚಿಕ್ಕಮಗಳೂರು ಒಂದೇ ಜಿಲ್ಲೆಯಲ್ಲಿ, ಬರುವ ಕುಯ್ಲಿನ ಹೊತ್ತಿಗೆ ಇದನ್ನು ಆರಂಭಿಸಲು ಕಂದಾಯ ಇಲಾಖೆಗೆ ಯಾವ ಟೆಂಡರಿನ ಅಗತ್ಯವೂ ಇಲ್ಲ.